ಕಾಲು ನೆನೆಸಲು ಒಂದು ಪರ್ಮಿಟ್

ಸಮುದ್ರದ ಮರಳಿನ ಮೇಲೆ ಜೀಪು ಕುಣಿಸಿ ವಿಡಿಯೊ ಹಾಕಿದಿರಲ್ಲ, ನಿಮಗೆ ಹೇಳೋರು ಕೇಳೋರು ಯಾರೂ ಇಲ್ಲವೇ? ಆಮೆ ಮೊಟ್ಟೆ ಇಡುವ ಜಾಗದ ಮೇಲೆ ಗಾಡಿ ಹತ್ತಿಸಿದವರು ನೀವು, ಕಚೇರಿಯ ಮೆಟ್ಟಿಲು ಹತ್ತಿದವಳು ನಾನು.

ನಗಬೇಡಿ. ಓದದೆ ಲೈಕ್ ಒತ್ತಲೂಬೇಡಿ.

ನಮ್ಮ ಯಜಮಾನರು ಬೆಳಗೋಡಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಜೀಪ್ ಡ್ರೈವರ್ ಆಗಿದ್ದವರು. ಸಾಹುಕಾರರ ಮಕ್ಕಳನ್ನು ಘಟ್ಟ ಇಳಿಸಿ ಸಮುದ್ರಕ್ಕೆ ಕರೆದುಕೊಂಡು ಹೋಗಿದ್ದು ಎಷ್ಟು ಸಲವೋ.

ಮಕ್ಕಳು ನೀರಿಗಿಳಿದರೆ ಇವರು ರಸ್ತೆ ಬದಿಯಲ್ಲಿ ಜೀಪಿನಲ್ಲೇ ಕೂತು ಅವರ ಚಪ್ಪಲಿ, ಟವೆಲ್ ಕಾಯುತ್ತಿದ್ದರು. ಸಮುದ್ರ ನೋಡಿದ್ದೆಲ್ಲ ಮುಂದಿನ ಗಾಜಿನೊಳಗಿಂದ.

ಈಗ ಸೊಂಟದ ಆಪರೇಷನ್ ಆಗಿದೆ. ವಾಕರ್ ಹಿಡಿದು ಹತ್ತು ಹೆಜ್ಜೆ ನಡೆದರೆ ಹೆಚ್ಚು. ಈಗ ಇವರಿಗೆ ಆಸೆ ಹುಟ್ಟಿದೆ... ಒಂದು ಸಲ ಅಲೆಯಲ್ಲಿ ಕಾಲು ನೆನೆಸಬೇಕಂತೆ.

ಕಾಲು ಗಟ್ಟಿ ಇದ್ದಾಗ ನಾಲಿಗೆ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಮರಳಿನಲ್ಲಿ ವಾಕರ್ ಹೂತುಕೊಳ್ಳುತ್ತದೆ, ಗಾಲಿಕುರ್ಚಿಯೂ ಅಷ್ಟೆ. ನಮ್ಮ ಕಿರಿಮಗಳು ಶೋಭಾ ಸಕಲೇಶಪುರದಲ್ಲಿ ಟೂರಿಸ್ಟುಗಳನ್ನು ಬೆಟ್ಟ ಹತ್ತಿಸುವ ಜೀಪು ಇಟ್ಟುಕೊಂಡಿದ್ದಾಳೆ. ನೀರಿನ ತನಕ ಜೀಪಿನಲ್ಲೇ ಕರೆದುಕೊಂಡು ಹೋಗೋಣ ಅಂದಳು.

ಫೋನ್ ಮಾಡಿ ವಿಚಾರಿಸಿದರೆ, ಪರ್ಮಿಟ್ ಇಲ್ಲದೆ ಮರಳಿನ ಮೇಲೆ ಯಾವ ಗಾಡಿಯೂ ಇಳಿಯುವ ಹಾಗಿಲ್ಲವಂತೆ. ಸರಿ, ಮೂವರೂ ಘಟ್ಟ ಇಳಿದು ಅಲ್ಲಿ ಪರ್ಮಿಟ್ ಕೊಡುವ ಕಚೇರಿಗೆ ಹೋದೆವು.

ಅರ್ಜಿ ತುಂಬಿದವಳು ನಾನೇ. 'ವಾಹನ ಇಳಿಸುವ ಕಾರಣ' ಅಂತ ಒಂದು ಗೆರೆ ಇತ್ತು. 'ಕಾಲು ನೆನೆಸುವುದು' ಅಂತ ಬರೆದೆ.

ಗುಮಾಸ್ತ ನಕ್ಕ. "ಅಜ್ಜಿ, ಶೂಟಿಂಗು, ಮೀನುಗಾರಿಕೆ, ಸರ್ವೇ. ಈ ಮೂರೇ ಕಾರಣ ಇರೋದು."

"ನಾಲ್ಕನೇದು ಬರ್ಕೊಳಪ್ಪ, ಜಾಗ ಐತಲ್ಲ" ಅಂದೆ.

ಒಳಗಿನ ಮೇಡಂ ಎದ್ದು ಬಂದು ಯಜಮಾನರನ್ನೂ ವಾಕರನ್ನೂ ನೋಡಿದರು. ರಸ್ತೆಯಿಂದ ನೀರಿನ ತನಕ, ಒಂದೇ ಸಲ, ನಿಧಾನವಾಗಿ, ಕೊಡೋಣ ಅಂದರು. ಆದರೆ ಮೊದಲು ಅವರ ಕಣ್ಣೆದುರಿಗೆ ಮರಳಿನಲ್ಲಿ ಓಡಿಸಿ ತೋರಿಸಬೇಕು. ಮುಂದಿನ ತಿಂಗಳಿಂದ ಆಮೆ ಮೊಟ್ಟೆ ಇಡುವ ಕಾಲ, ಆಮೇಲೆ ಅದು ಮುಗಿಯುವವರೆಗೆ ಯಾರಿಗೂ ಪರ್ಮಿಟ್ ಇಲ್ಲ.

ನ್ಯಾಯವಾದ ಮಾತು. ನಾನು ತಕರಾರು ಮಾಡಲಿಲ್ಲ.

ತಕರಾರು ಶುರುವಾಗಿದ್ದು ಸಮುದ್ರದ ಹತ್ತಿರ, ಮೇಡಂ ಎದುರಿಗೇ. ಟೈರಿನ ಗಾಳಿ ಸ್ವಲ್ಪ ಬಿಡಬೇಕು, ಆಗ ಟೈರು ಅಗಲವಾಗಿ ಮರಳಿನಲ್ಲಿ ಹೂತುಕೊಳ್ಳುವುದಿಲ್ಲ, ಮೊಬೈಲಿನಲ್ಲಿ ನೋಡಿದ್ದೇನೆ ಅಂದಳು ಶೋಭಾ.

"ಗಾಳಿ ಇಲ್ದಿರೋ ಟೈರಲ್ಲಿ ಗಾಡಿ ಓಡಿಸ್ತಾರೇನೇ? ಚೈನ್ ಕಟ್ಟು" ಅಂದರು ಇವರು.

"ಅಪ್ಪ, ಇದು ಮರಳು ಕಣಪ್ಪ."

"ನೀನು ಹುಟ್ಟೋಕ್ ಮುಂಚೆಯಿಂದ ಗಾಡಿ ಬಿಟ್ಟಿವ್ನಿ. ಕಟ್ಟು ಅಂದ್ರೆ ಕಟ್ಟು."

ನಮ್ಮ ಕಡೆ ಮಳೆಗಾಲದಲ್ಲಿ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನ್ ಸುತ್ತದೆ ಯಾರೂ ತೋಟದ ಏರು ಹತ್ತುವುದಿಲ್ಲ. ಚೈನ್ ಕೆಸರನ್ನು ಕಚ್ಚಿ ಹಿಡಿಯುತ್ತದೆ. ಇವರು ಸೀಟಿನಲ್ಲಿ ಕೂತು ಕೊಕ್ಕೆ ಎಲ್ಲಿ ಹಾಕಬೇಕು ಅಂತ ಹೇಳಿದರು, ಮಗಳು ಮಂಡಿಯೂರಿ ಕಟ್ಟಿದಳು.

ಮರಳು ಕೆಸರಲ್ಲ. ಜೀಪು ನಾಲ್ಕು ಮಾರು ಹೋಯಿತು, ನಿಂತಿತು. ಕಾಫಿ ಗಿಡಕ್ಕೆ ಗುಂಡಿ ತೋಡಿದ ಹಾಗೆ ಚೈನು ತೋಡಿತು.

ಇವರು ಒಳಗಿಂದ "ಇನ್ನೂ ಒತ್ತೇ, ಒತ್ತು" ಅನ್ನುತ್ತಿದ್ದಾರೆ. ಅವಳು ಒತ್ತುತ್ತಾಳೆ, ಜೀಪು ಇಳಿಯುತ್ತದೆ. ಜೀಪಿನ ಹೊಟ್ಟೆ ಮರಳಿಗೆ ತಾಗಿದ ಮೇಲೆ ಅವಳು ಇಂಜಿನ್ ಆರಿಸಿದಳು.

ಅಲೆ ಎದುರಿಗೇ ಕಾಣುತ್ತಿತ್ತು.

ಬಲೆ ಸರಿಮಾಡುತ್ತಿದ್ದ ಮೀನುಗಾರರು ಬಂದರು. ಚೈನ್ ಬಿಚ್ಚಿ, ಟೈರಿನ ಗಾಳಿ ಬಿಟ್ಟು, ಹಲಗೆ ಕೊಟ್ಟು ತಳ್ಳಿದರು. ಜೀಪು ಹೊರಗೆ ಬಂತು. ಅವರಲ್ಲಿ ಹಿರಿಯ ಒಬ್ಬ "ಮರಳಿಗೆ ಸರಪಳಿ ಕಟ್ಟಿದ್ದು ಯಾರು?" ಅಂತ ಕೇಳಿದ.

"ನಮ್ಮನೆ ಇಂಜಿನಿಯರು" ಅಂದೆ. ಇಂಜಿನಿಯರು ಮುಖ ತಿರುಗಿಸಿಕೊಂಡರು.

ಮನುಷ್ಯರು ಒಳ್ಳೆಯವರು. ಅಜ್ಜನನ್ನು ಎತ್ತಿಕೊಂಡು ನೀರಿನ ತನಕ ಬಿಡುತ್ತೇವೆ ಅಂದರು. "ಹೊತ್ಕೊಂಡೋಗಕೆ ನಾನೇನು ಕಾಫಿ ಮೂಟೆಯಾ?" ಅಂದುಬಿಟ್ಟರು ಇವರು.

ಈಗ ಗಾಳಿ ಬಿಟ್ಟಾಗಿದೆ, ಇನ್ನೊಂದು ಸಲ ನೋಡಿ ಅಂತ ನಾನು ಮೇಡಂ ಹತ್ತಿರ ಕೇಳಿದೆ. "ಅಜ್ಜಿ, ಇದೇ ಗಾಡಿ ಅಲೆ ಬಡಿಯೋ ಜಾಗದಲ್ಲಿ ಹೂತಿದ್ದರೆ ಇವರನ್ನು ಇಳಿಸೋದು ಹೇಗೆ? ಕಲಿತುಕೊಂಡು ಬನ್ನಿ. ಈ ತಿಂಗಳ ಒಳಗೆ ಇನ್ನೊಂದು ಅವಕಾಶ ಕೊಡ್ತೀನಿ" ಅಂದರು.

ಘಟ್ಟ ಹತ್ತಿ ಮನೆ ಸೇರಿ ಕೈಕಾಲು ತೊಳೆದ ಮೇಲೆ "ಸಮುದ್ರ ಬ್ಯಾಡ ಬುಡು" ಅಂದರು ಇವರು. ವಾರ ಪೂರ್ತಿ ಆ ಸುದ್ದಿ ಎತ್ತಲಿಲ್ಲ.

ನಿನ್ನೆ ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ವಾಕರ್ ಹಿಡಿದು ಶೋಭಾಳ ಜೀಪಿನ ಪಕ್ಕ ನಿಂತಿದ್ದಾರೆ. ಬಗ್ಗಲು ಆಗದು, ಚಪ್ಪಲಿಯ ತುದಿಯಿಂದ ಟೈರನ್ನು ಒತ್ತಿ ಒತ್ತಿ ನೋಡುತ್ತಿದ್ದಾರೆ.

"ಎಷ್ಟು ಬುಡ್ಬೇಕಂತೆ ಗಾಳಿಯ?" ಅಂತ ಶೋಭಾಳನ್ನು ಕೇಳಿದರು.

ಗಾಡಿಯ ವಿಷಯದಲ್ಲಿ ಈ ಮನುಷ್ಯ ಇನ್ನೊಬ್ಬರನ್ನು ಕೇಳಿದ್ದು ನಾನು ಕಂಡಂತೆ ಇದೇ ಮೊದಲು.

ಅವಳಿಗೂ ಸರಿಯಾಗಿ ಗೊತ್ತಿಲ್ಲ. ಒಂದೊಂದು ವಿಡಿಯೊದಲ್ಲಿ ಒಂದೊಂದು ಲೆಕ್ಕ ಹೇಳುತ್ತಾರಂತೆ. ಇಬ್ಬರೂ ಟೈರು ನೋಡುತ್ತಾ ನಿಂತರು... ಇನ್ನೂ ನಿಂತೇ ಇದ್ದಾರೇನೋ ಅನ್ನಿಸುತ್ತಿದೆ ನನಗೆ.

ಹಳೇ ಜೀಪು, ಒಳಗೆ ಮೂರು ಜನ, ಒಣ ಮರಳು. ಟೈರಿನಲ್ಲಿ ಎಷ್ಟು ಗಾಳಿ ಉಳಿಸಬೇಕು? ನಿಮ್ಮಲ್ಲಿ ಕೈಯಾರೆ ಓಡಿಸಿ ಗೊತ್ತಿರುವವರು ಮಾತ್ರ, ಮುಂದಿನ ತಿಂಗಳು ಹುಟ್ಟುವುದರೊಳಗೆ ಇದರ ಕೆಳಗೆ ಬರೆಯಿರಿ.