ಮೂಡುಬಿದಿರೆಯಲ್ಲಿ ಸಮುದ್ರ

ಕರಕುಶಲ ಕಲೆಯ ಪುಸ್ತಕ ಬರೆಯುವವರಿಗೆಲ್ಲ ನನ್ನದೊಂದು ವಿನಂತಿ. 'ಮನೆಯಲ್ಲೇ ಸಿಗುವ ವಸ್ತುಗಳಿಂದ' ಎಂದು ಮುಖಪುಟದಲ್ಲಿ ಹಾಕುವ ಮೊದಲು ದಯವಿಟ್ಟು ಒಮ್ಮೆ ಬಂಟ್ವಾಳದ ನಮ್ಮ ಮನೆಗೆ ಬಂದುಹೋಗಿ. ಬಿಸಿ ಅಂಟಿನ ಗನ್ನು, ಐದು ಬಣ್ಣದ ಫೆಲ್ಟ್ ಬಟ್ಟೆ, ತೂತಿರುವ ಮರದ ಮಣಿ, ಅಂಚನ್ನು ಅಂಕುಡೊಂಕಾಗಿ ಕತ್ತರಿಸುವ ಕತ್ತರಿ, ಇವೆಲ್ಲ ನಮ್ಮ ಮನೆಯ ಯಾವ ಮೂಲೆಯಲ್ಲಿವೆ ಎಂದು ತೋರಿಸಿಕೊಡಿ. ಚಹಾ ನಾನೇ ಮಾಡುತ್ತೇನೆ.

ನನ್ನ ಸಿಟ್ಟಿಗೆ ಕಾರಣವಿದೆ. ಕಳೆದ ಮಳೆಗಾಲದ ಕೊನೆಗೆ ಅಮ್ಮನಿಗೆ ಸಣ್ಣ ಮಟ್ಟಿನ ಪಾರ್ಶ್ವವಾಯು ಆಯಿತು. ಮಾತು ಉಳಿಯಿತು, ನಡಿಗೆ ತಿಂಗಳೊಳಗೆ ಮರಳಿತು, ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು. ವ್ಯಾಯಾಮ ಮಾಡಿಸಲು ಮನೆಗೆ ಬರುವ ಫಿಸಿಯೊಥೆರಪಿ ಹುಡುಗಿ ಮೊದಲ ದಿನವೇ ಹೇಳಿದಳು: "ಟೀಚರ್, ಕೈಯಲ್ಲಿ ಶಕ್ತಿ ಉಂಟು. ಅವರೇ ಮನಸ್ಸು ಮಾಡಿ ಆಡಿಸ್ಬೇಕು. ಈ ಐದಾರು ತಿಂಗಳಲ್ಲಿ ಆಡಿಸದಿದ್ರೆ ಮತ್ತೆ ಬೆರಳು ಗಟ್ಟಿಯಾಗಿಬಿಡ್ತದೆ, ಆಮೇಲೆ ನಾವು ಎಂತ ಮಾಡಿದ್ರೂ ಕಷ್ಟ."

ಜೀವಮಾನವಿಡೀ ಬೀಡಿ ಕಟ್ಟಿದ ಕೈ ಅದು. ನಾನು ಓದಿ ಟೀಚರ್ ಆದದ್ದೂ ಅಕ್ಕನ ಮದುವೆಯಾದದ್ದೂ ಆ ಕೈಯಿಂದಲೇ. ಅದಕ್ಕೆ ಹಿಂಡಲು ಹಳದಿ ಬಣ್ಣದ ರಬ್ಬರ್ ಚೆಂಡೊಂದನ್ನು ಕೊಟ್ಟರು. ಅಮ್ಮ ಅದನ್ನು ಎಡಗೈಯಿಂದ ಎತ್ತಿ ಅಂಗಳದಲ್ಲಿದ್ದ ನಾಯಿಗೆ ಎಸೆದಳು. ನಾಯಿಗೂ ಅದು ಬೇಡವಾಯಿತು.

ಬೆಳ್ತಂಗಡಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಅತ್ತೆ. ಅವಳು ಅಳುವ ಜಾತಿಯವಳಲ್ಲ. "ಅಮ್ಮನ ಕೈಗೆ ಕೆಲಸ ಬೇಕು, ಅಷ್ಟೇ. ಚೆಂಡು ಹಿಂಡುವುದು ಎಂತ ಕೆಲಸ ಮಾರಾಯ್ತಿ?" ಎಂದಳು. ಮರುದಿನವೇ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಕಟ್ಟು ಪುಸ್ತಕ ಕಳಿಸಿದಳು. ಎಲ್ಲವೂ ಹೊಸತು, ಎಲ್ಲವೂ ಕರಕುಶಲ: ಕ್ರೋಶಾ, ಬಾಟಲಿ ಚಿತ್ರ, ಸೆಣಬಿನ ಗೊಂಬೆ, ತೆಂಗಿನ ಗೆರಟೆಯ ದೀಪ.

ಅಮ್ಮನಿಗೆ ಓದಲು ಬರುವುದಿಲ್ಲ. ಹಾಗಾಗಿ ಓದಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಓದುತ್ತ ಹೋದಂತೆ ನನ್ನ ಮೈ ಉರಿಯಿತು. ಕ್ರೋಶಾ ಪುಸ್ತಕದ ಮೂರನೆಯ ಚಿತ್ರದಲ್ಲಿ ದಾರದ ಒಂದು ಕುಣಿಕೆ ಇದೆ, ನಾಲ್ಕನೆಯ ಚಿತ್ರದಲ್ಲಿ ಅರ್ಧ ಟೋಪಿ ತಯಾರಾಗಿದೆ. ನಡುವೆ ಏನಾಯಿತೆಂದು ಕೇಳಬಾರದು. ಚಿತ್ರದಲ್ಲಿರುವ ಕೈಗಳಿಗೆಲ್ಲ ಉಗುರುಬಣ್ಣವಿದೆ, ಒಂದಕ್ಕೂ ಕೆಲಸ ಮಾಡಿದ ಗುರುತಿಲ್ಲ. ಮುನ್ನುಡಿಯಲ್ಲಿ 'ಗೃಹಿಣಿಯರ ಬಿಡುವಿನ ವೇಳೆಯ ಸದುಪಯೋಗಕ್ಕಾಗಿ' ಎಂದು ಬರೆದಿದ್ದಾರೆ. ಅಮ್ಮ ಅಷ್ಟಕ್ಕೇ ತಡೆದಳು. "ಬಿಡುವು ಅಂದ್ರೆ ಯಾವ ಹೊತ್ತು?" ನಾವು ಮನೆಯಲ್ಲಿ ಆಡುವುದು ತುಳು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಆ ಪ್ರಶ್ನೆ ಇನ್ನೂ ಖಾರವಾಗಿತ್ತು.

ಗೆರಟೆಯ ದೀಪದ ಪುಸ್ತಕದವರು ಗೆರಟೆಯನ್ನು ಮರಳುಕಾಗದದಿಂದ ಎರಡು ಗಂಟೆ ಉಜ್ಜಲು ಹೇಳುತ್ತಾರೆ. "ಒಲೆಗೆ ಹಾಕಿದ್ರೆ ಸ್ನಾನಕ್ಕೆ ನೀರಾದ್ರೂ ಕಾಯ್ತದೆ," ಎಂದು ಅಮ್ಮ ಮುಖ ತಿರುಗಿಸಿದಳು. ಫೆಲ್ಟ್ ಬಟ್ಟೆಗಾಗಿ ನಾನು ಬಿ.ಸಿ. ರೋಡಿನ ಫ್ಯಾನ್ಸಿ ಅಂಗಡಿಗಳನ್ನೆಲ್ಲ ಸುತ್ತಿದ್ದೇ ಬಂತು. ಬಲಗೈ ಮಡಿಲಲ್ಲೇ ಇತ್ತು.

ಕರಕುಶಲ ಕೈಕೊಟ್ಟಾಗ ನನಗೆ ನೆನಪಾದದ್ದು ಕಾದಂಬರಿ. ನಾನು ಚಿಕ್ಕವಳಿದ್ದಾಗ ಸುತ್ತಲಿನ ನಾಲ್ಕಾರು ಮನೆಯ ಹೆಂಗಸರು ನಮ್ಮ ಜಗಲಿಯಲ್ಲಿ ತಡ್ಪೆ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ತಡ್ಪೆ ಎಂದರೆ ಎಲೆ, ಹೊಗೆಸೊಪ್ಪು, ನೂಲು ಎಲ್ಲವನ್ನೂ ಇಟ್ಟುಕೊಳ್ಳುವ ಮೊರ. ಸಂಜೆ ಶಾಲೆ ಬಿಟ್ಟು ಬಂದ ಮೇಲೆ ನಾನು ನಡುವೆ ಕೂತು ಕಾದಂಬರಿ ಓದಬೇಕು, ನನ್ನ ಪಾಲಿನ ಬೀಡಿಯನ್ನು ಅವರೆಲ್ಲ ಸೇರಿ ಕಟ್ಟಿಕೊಡಬೇಕು. ಇದು ಯಾರೂ ಬರೆದಿಡದ ಒಪ್ಪಂದ. ಹೆಚ್ಚಿನದನ್ನು ಕಟ್ಟುತ್ತಿದ್ದವಳು ಅಕ್ಕ. ಅವಳು ಏಳನೆಯ ತರಗತಿಗೆ ಶಾಲೆ ಬಿಟ್ಟು ಅಮ್ಮನ ಪಕ್ಕದಲ್ಲಿ ತಡ್ಪೆ ಹಿಡಿದು ಕೂತಿದ್ದಳು. ಕಥೆ ಬಿಗಿಯಾದಷ್ಟೂ ಅವರ ಬೆರಳು ವೇಗವಾಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಥೆ ಕೇಳುವಾಗ ಆ ಕೈ ತನ್ನಷ್ಟಕ್ಕೆ ಆಡೀತು ಎಂಬ ಆಸೆ ನನಗೆ.

ನಾನು ಪಾಠ ಮಾಡುವುದು ಮೂಡುಬಿದಿರೆಯ ಹೈಸ್ಕೂಲಿನಲ್ಲಿ. ಅಲ್ಲಿನ ಪುಸ್ತಕದಂಗಡಿಯಿಂದ ಈಚಿನ ಪ್ರೇಮ ಕಾದಂಬರಿಗಳನ್ನು ಎರಡೆರಡಾಗಿ ತಂದೆ. ಈಗ ಇವುಗಳ ವಿಷಯವೂ ಹೇಳಿಬಿಡುತ್ತೇನೆ. ನಾಯಕ ಯಾವುದೋ ಕಂಪೆನಿಯ ಒಡೆಯ, ಸದಾ ಸಿಟ್ಟು. ನಾಯಕಿ ಮೊದಲ ಪುಟದಲ್ಲೇ ಅವನಿಗೆ ಡಿಕ್ಕಿ ಹೊಡೆಯುತ್ತಾಳೆ, ಕಡತಗಳು ಚೆಲ್ಲಾಪಿಲ್ಲಿಯಾಗುತ್ತವೆ. ಆಮೇಲೆ ಒಂದು ವರ್ಷದ ಕರಾರಿನ ಮೇಲೆ ಮದುವೆ. "ಅವನ ಕಂಪೆನಿಯಲ್ಲಿ ಎಂತ ಮಾಡುವುದು?" ಎಂದು ಅಮ್ಮ ಕೇಳಿದಳು. ಇಡೀ ಪುಸ್ತಕ ಹುಡುಕಿದೆ, ಲೇಖಕರು ಹೇಳಿಲ್ಲ. ಅವರಿಗೂ ಗೊತ್ತಿರಲಾರದು.

ಇನ್ನು ಮೂರು ಪುಟಕ್ಕೊಮ್ಮೆ ನಾಯಕಿ ಬೆಚ್ಚಿಬೀಳುತ್ತಾಳೆ. ಮೊಬೈಲಿಗೆಂದು ದಿನಕ್ಕೊಂದು ಕಂತು ಬರೆದದ್ದನ್ನು ಹಾಗೆಯೇ ಅಚ್ಚು ಹಾಕಿದ್ದಾರೆ. ಪ್ರತಿ ಕಂತಿನ ಕೊನೆಗೂ ಅವಳು ಬೆಚ್ಚಲೇಬೇಕು, ಬಾಗಿಲು ತಟ್ಟಿದವನು ಹಾಲಿನವನಾದರೂ ಸರಿ. "ಇವಳಿಗೆ ಯಾರಾದ್ರೂ ಒಂದು ನೂಲು ಮಂತ್ರಿಸಿ ಕಟ್ಟಿಸ್ಬಾರದಾ?" ಎಂದು ಅಮ್ಮ ನಿಜವಾದ ಕಾಳಜಿಯಿಂದ ಕೇಳಿದಳು. ಹೀಗೆಲ್ಲ ಬೈದರೂ ನಾನು ಒಂದನ್ನೂ ಅರ್ಧಕ್ಕೆ ಬಿಟ್ಟವಳಲ್ಲ. ಬಸ್ಸಿನಲ್ಲಿ ಕೂತು ಕೊನೆಯ ಪುಟ ಓದಿ ಕಣ್ಣೊರೆಸಿಕೊಂಡದ್ದೂ ಇದೆ. ಅದು ನನ್ನ ದೌರ್ಬಲ್ಯ, ಪುಸ್ತಕದ ಹೆಚ್ಚುಗಾರಿಕೆ ಅಲ್ಲ.

ನಾಲ್ಕು ತಿಂಗಳು ಕಳೆಯಿತು. ಅಮ್ಮ ಕೇಳಿದಳು, ನಕ್ಕಳು, ಬೈದಳು, ಕೈ ಆಡಿಸಲಿಲ್ಲ. ಬಿಸಿನೀರಿನಲ್ಲಿ ಅದ್ದಿ ನಾನು ಬೆರಳು ಬಿಡಿಸುವಾಗ ಮೊದಲಿಗಿಂತ ಬಿಗಿ ಎನಿಸುತ್ತಿತ್ತು. ಫಿಸಿಯೊಥೆರಪಿ ಹುಡುಗಿ ಈಗೀಗ ಏನೂ ಹೇಳದೆ ಚೀಲ ಎತ್ತಿಕೊಂಡು ಹೊರಡುತ್ತಿದ್ದಳು. ನನಗೆ ಹೆದರಿಕೆಯಾಗಿತ್ತು. ಹೆದರಿದಾಗ ನಾನು ಸಿಕ್ಕಿದವರ ಮೇಲೆ ರೇಗುತ್ತೇನೆ, ಆ ದಿನಗಳಲ್ಲಿ ಕೈಗೆ ಸಿಕ್ಕಿದವರು ಕಾದಂಬರಿಕಾರರು.

ಅಂಥದೊಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಹೊಸ ಪುಸ್ತಕ ತೆರೆದೆ. ನಮ್ಮ ಕಡೆಯದೇ ಕಥೆ ಎಂದು ಅಂಗಡಿಯವರು ಒತ್ತಾಯ ಮಾಡಿ ಕೊಟ್ಟದ್ದು. ನಾಯಕಿ ಬೆಳ್ತಂಗಡಿಯಲ್ಲಿ ಹುಟ್ಟಿ ಬೆಳೆದವಳಂತೆ, ಆದರೆ ಮಾತಾಡುವುದು 'ಬರ್ತೀನಿ ಕಣೋ' ಎಂದು. ಕರಾವಳಿಯವಳೆಂದು ನಂಬಿಸಲು ಲೇಖಕರು ಅವಳ ಬಾಯಲ್ಲಿ ಆಗಾಗ 'ಮಾರಾಯ' ಹಾಕಿಸಿದ್ದಾರೆ. ಅವಳು ತನ್ನ ಅತ್ತೆಗೂ ಮಾರಾಯ ಎನ್ನುತ್ತಾಳೆ. ನಾನು ಹಲ್ಲು ಕಚ್ಚಿ ಓದಿದೆ. ಹನ್ನೊಂದನೆಯ ಅಧ್ಯಾಯದಲ್ಲಿ, 'ಮೂಡುಬಿದಿರೆಯ ಕಡಲ ತೀರದಲ್ಲಿ ಸೂರ್ಯ ಮುಳುಗುತ್ತಿದ್ದ.'

ಅಮ್ಮ ಒರಗಿದ್ದವಳು ನೇರ ಕೂತಳು. "ನೀನು ದಿನಾ ಹೋಗಿಬರುವ ಊರಿಗೆ ಸಮುದ್ರ ಯಾವಾಗ ಬಂತು?"

ಇಪ್ಪತ್ತಾರು ವರ್ಷ ಆ ಊರಿಗೆ ಹೋಗಿ ಬಂದಿದ್ದೇನೆ. ಬಸದಿಗಳನ್ನು ಕಂಡಿದ್ದೇನೆ, ಕೆರೆಗಳನ್ನು ಕಂಡಿದ್ದೇನೆ. ಸಮುದ್ರ ನೋಡಲು ಅಲ್ಲಿನ ಮಕ್ಕಳನ್ನು ನಾವೇ ಬಸ್ಸು ಮಾಡಿ ಕರೆದೊಯ್ದಿದ್ದೇವೆ. ಇದನ್ನೆಲ್ಲ ಹೇಳಿ, ಲೇಖಕರಿಗೊಂದು ಕಾಗದ ಬರೆಯುತ್ತೇನೆಂದು ಹಾರಾಡಿ, ಮುಂದೆ ಓದಿದೆ. ಇಲ್ಲದ ಆ ಸಮುದ್ರದ ದಡದಲ್ಲಿ ಕತ್ತಲಾಯಿತು. ನಾಯಕ ನಾಯಕಿಯ ಹತ್ತಿರ ಸರಿದು ಕೂತ.

ಇಲ್ಲಿ ನಾನು ಎರಡು ಹಾಳೆ ಒಟ್ಟಿಗೆ ಹಿಡಿದು ಮಗುಚಿದೆ. ಅದು ಹದಿಮೂರನೆಯ ವಯಸ್ಸಿನ ಚಾಳಿ. ಎದುರಿಗೆ ಅಮ್ಮ, ಅಕ್ಕ, ನೆರೆಮನೆಯ ದೊಡ್ಡಮ್ಮಂದಿರು. ಗಂಡುಹೆಣ್ಣು ಇಬ್ಬರೇ ಉಳಿದ ಜಾಗ ಬಂದರೆ ನಾಚಿಕೆಯಾಗುತ್ತಿತ್ತು. ದನಿ ಬದಲಿಸದೆ 'ಮರುದಿನ ಬೆಳಿಗ್ಗೆ' ಎನ್ನುವಲ್ಲಿಗೆ ಹಾರಿಬಿಡುತ್ತಿದ್ದೆ. ಅವರು ಯಾರೂ ಒಂದು ದಿನವೂ ಕೇಳಿರಲಿಲ್ಲ. ಯಾರಿಗೂ ಗೊತ್ತಾಗಿಲ್ಲ ಎಂದೇ ನಾನು ತಿಳಿದಿದ್ದೆ.

"ಮರುದಿನ ಬೆಳಿಗ್ಗೆ," ಎಂದು ಶುರುಮಾಡಿದೆ. ಪುಟದ ಮೇಲೆ ಅಮ್ಮನ ಕೈ ಬಂದು ಕೂತಿತು.

"ಬಿಟ್ಟದ್ದನ್ನು ಓದು."

"ಎಂತ ಬಿಟ್ಟದ್ದು?"

"ನನಗೆ ಅಕ್ಷರ ಬರುವುದಿಲ್ಲ, ಕಣ್ಣು ಕಾಣ್ತದೆ. ಆಗಲೂ ಕಾಣ್ತಿತ್ತು. ಓದು."

ಐವತ್ತೆರಡು ವರ್ಷದ ನಾನು, ಹಾಳೆ ಹಿಂದಕ್ಕೆ ತಿರುವಿ, ಕಿವಿ ಕೆಂಪಾಗಿಸಿಕೊಂಡು ಓದಿದೆ. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಅಲೆ, ಚಂದ್ರ, ತಂಗಾಳಿ. ಕೊನೆಗೆ ಅವನು ಅವಳ ಕೈ ಹಿಡಿದ, ಅವಳು ಎಂದಿನಂತೆ ಬೆಚ್ಚಿಬಿದ್ದಳು.

"ಇಷ್ಟೇಯಾ?" ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಇದಕ್ಕಾ ನೀನು ಅಷ್ಟು ವರ್ಷ ನಾಚಿದ್ದು? ನಿನ್ನ ಅಕ್ಕ ಹೇಳ್ತಿದ್ದದ್ದು ಇದಕ್ಕಿಂತ ಎಷ್ಟೋ ಲಾಯ್ಕ ಇತ್ತು."

"ಅಕ್ಕನಾ?"

"ಮತ್ತೆ? ನೀನು ಬೆಳಿಗ್ಗೆ ಶಾಲೆಗೆ ಹೋದ ಮೇಲೆ ನೀನು ಬಿಟ್ಟದ್ದನ್ನೆಲ್ಲ ಅವಳೇ ನಮಗೆ ಹೇಳುವುದು. ನಾವು ನಗುವಾಗ ನೂಲು ತುಂಡಾಗ್ತಿತ್ತು."

"ಅವಳು ಯಾವಾಗ ಆ ಪುಟ ಓದಿದ್ದು?"

"ಓದ್ಲಿಕ್ಕೆ ಅವಳಿಗೆ ಪುರುಸೊತ್ತು ಎಲ್ಲಿತ್ತು? ಮನಸ್ಸಿಂದ ಕಟ್ಟಿ ಹೇಳ್ತಿದ್ದಳು."

ಆ ಜಗಲಿಗೆ ಕಥೆ ತಂದವಳು ನಾನು ಎಂಬ ಹೆಮ್ಮೆಯನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದೆ. ನನ್ನ ಪಾಲಿನ ಬೀಡಿ ಕಟ್ಟಿಕೊಟ್ಟವಳೇ ನಾನು ಹಾರಿಸಿದ ಪುಟಗಳನ್ನೂ ತುಂಬಿಸಿಕೊಟ್ಟಿದ್ದಳು. ಅವಳು ಶಾಲೆ ಬಿಡದೆ ಓದಿದ್ದರೆ ಈ ಸಮುದ್ರದವರಿಗಿಂತ ಚೆನ್ನಾಗಿ ಬರೆಯುತ್ತಿದ್ದಳು. ನಾಚಿಕೆಯಾಯಿತು. ಅಕ್ಕನಿಗೆ ಈಗಲೇ ಫೋನ್ ಮಾಡಬೇಕೆಂದು ಪುಸ್ತಕ ಮುಚ್ಚಲು ಹೋದೆ, ಮುಚ್ಚಲಾಗಲಿಲ್ಲ. ಅಮ್ಮನ ಕೈ ಪುನಃ ಪುಟದ ಮೇಲೆ ಬಂದು ಕೂತಿತ್ತು. ಆಗ ನೋಡಿದೆ. ಹೆಬ್ಬೆರಳು ಬದಿಗೆ ಚಾಚಿ, ಉಳಿದ ಬೆರಳನ್ನು ಅರ್ಧ ಬಿಡಿಸಿ, ಹಾಳೆಯನ್ನು ಒತ್ತಿ ಹಿಡಿದಿದ್ದಳು.

"ಅಮ್ಮಾ," ಎಂದೆ. "ಇದು ಬಲಗೈ."

"ಗೊತ್ತುಂಟು," ಎಂದಳು ಅಮ್ಮ. "ನೀನು ಪುನಃ ಮಗುಚ್ತೀಯ ಅಂತ ಇಟ್ಟದ್ದು. ಓದು."