ಕುರಿಚಿಯ ಹದಿನೈದು ಮಂದಿ

ಇಪ್ಪತ್ತಾರು ತುಂಬುವವರೆಗೆ ಚೆನ್ನಕೇಶವನ್‌ಗೆ ಗೆಳೆಯ ಅಂತ ಒಬ್ಬನೂ ಇರಲಿಲ್ಲ. ಅಪ್ಪ ತೀರಿಹೋಗಿ ಮನೆಯ ಮಗ್ಗ ನಿಂತ ಮೇಲೆ ಅವನು ಕುರಿಚಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿ ಸೇರಿದ್ದ. ಮರಳನ್ನು ಗಟ್ಟಿಯಾಗಿ ಗುದ್ದಿ ಅಚ್ಚು ಕಟ್ಟುವ ಕೆಲಸ. ತಲೆ ತಗ್ಗಿಸಿ ಮಾಡಿದರಾಯಿತು, ಮಾತು ಬೇಕಿಲ್ಲ. ಮನೆಯಲ್ಲಿ ತಾಯಿ ಶಿವಗಾಮಿಯೊಬ್ಬಳೇ. ಅವಳೊಡನೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಎರಡರಲ್ಲೂ ಅವನು ಬಾಯಿ ಬಿಡುತ್ತಿದ್ದದ್ದು ಅಪರೂಪ.

೧೯೮೨ರಲ್ಲಿ ಆ ಫೌಂಡ್ರಿಗೆ ಡಿಕ್ರೂಸ್ ಎಂಬ ಹೊಸ ಫೋರ್‌ಮನ್ ಬಂದ. ಪೋತ್ತನೂರು ರೈಲ್ವೆ ಕಾಲೋನಿಯ ಆಂಗ್ಲೋ-ಇಂಡಿಯನ್. ಹರೆಯದಲ್ಲಿ ಕಲ್ಕತ್ತೆಯಲ್ಲಿ ರಗ್ಬಿ ಆಡಿ ಮೂಗು ಮುರಿದುಕೊಂಡವನು. ಒಂದು ದಿನ ಊಟದ ಹೊತ್ತಿಗೆ ಮೊಟ್ಟೆಯಾಕಾರದ ಚೆಂಡು ತಂದು, ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಒಬ್ಬೊಬ್ಬರ ಹೆಗಲು ತಟ್ಟಿ ಹದಿನೈದು ಮಂದಿಯನ್ನು ಆರಿಸಿದ. ಚೆನ್ನಕೇಶವನ್ ಮುಂದೆ ನಿಂತು, "ನೀನು ಮೊದಲ ಸಾಲು," ಎಂದ. ಯಾರಾದರೂ ಅವನನ್ನು ಬೇಕೆಂದು ಕರೆದದ್ದು ಅದೇ ಮೊದಲು.

ಕುಲುಮೆಯಲ್ಲಿ ಕೆಲಸ ಮಾಡುತ್ತಿದ್ದ ಕಂದಸಾಮಿಯ ಮನೆಯವರಿಗೆ ತೊಂಡಾಮುತ್ತೂರಿನಲ್ಲಿ ಬೆಟ್ಟದ ಬುಡಕ್ಕೆ ಒಂದು ಬೀಳು ಹೊಲವಿತ್ತು. ಭಾನುವಾರ ಬೆಳಿಗ್ಗೆ ಎಲ್ಲರೂ ಬಸ್ಸು ಹತ್ತಿ ಅಲ್ಲಿಗೆ ಹೋಗುವರು. ಚೆಂಡು ನಿಂತಾಗ ಎರಡೂ ಕಡೆಯವರು ಹೆಗಲಿಗೆ ಹೆಗಲು ಬಿಗಿದು, ತಲೆ ಬಗ್ಗಿಸಿ, ಎದುರಿನವರನ್ನು ನೂಕಬೇಕು. ಹಾಗೆ ನೂಕುವಾಗೊಮ್ಮೆ ಯಾರೋ ಪಾದ ತುಳಿದು, ಚೆನ್ನಕೇಶವನ್ ಬಾಯಿಂದ "ಅಯ್ಯೋ, ಕಾಲು ತುಳೀಬ್ಯಾಡ್ರೋ!" ಎಂದು ಕನ್ನಡವೇ ಬಂದುಬಿಟ್ಟಿತು.

ಪಕ್ಕದಲ್ಲಿ ಸಿಕ್ಕಿಕೊಂಡಿದ್ದ ಕಂದಸಾಮಿಯ ತಲೆ ಮಾತಾಡಿತು: "ಏನ್ಲಾ, ನೀನೂ ಕನ್ನಡದವನಾ?"

"ಮನೇಲಿ ಮಾತ್ರ."

"ನಮ್ದೂ ಅಂಗೇ ಕಣ್ಲಾ! ಎರಡು ವರ್ಷ ಒಂದೇ ಕೊಟ್ಟಗೇಲಿ ಬೆಂದಿದೀವಿ, ಬಾಯೇ ಬಿಡ್ಲಿಲ್ವಲ್ಲ ನೀನು!"

ಅಂದಿನಿಂದ ಇಬ್ಬರ ಬುತ್ತಿಯೂ ಒಂದೇ ಆಯಿತು. ಕಂದಸಾಮಿ ಬೇಸಾಯದ ಮನೆಯವನು, ಇವನು ನೇಕಾರ. ಒಬ್ಬರ ಕನ್ನಡ ಕೇಳಿ ಇನ್ನೊಬ್ಬರು ನಗುವರು. ಶಿವಗಾಮಿಗೂ ಕಂದಸಾಮಿ ಇನ್ನೊಬ್ಬ ಮಗನಂತಾದ.

ತಂಡವೇನೋ ಕೂಡಿತು, ಎದುರಾಡಲು ಯಾರೂ ಇರಲಿಲ್ಲ. ಸುತ್ತಮುತ್ತ ಎಲ್ಲರೂ ಸಡುಗುಡು ಎಂಬ ಕಬಡ್ಡಿ, ಇಲ್ಲವೆ ವಾಲಿಬಾಲ್ ಆಡುವವರು. ಡಿಕ್ರೂಸ್ ಮದ್ರಾಸಿನ ರಗ್ಬಿ ಕ್ಲಬ್ಬಿಗೆ ಕಾಗದದ ಮೇಲೆ ಕಾಗದ ಬರೆದ. ಎರಡು ವರ್ಷ ಅವರು ಎಂಟು ಮಂದಿ, ಏಳು ಮಂದಿಯಾಗಿ ಒಡೆದು ತಮ್ಮತಮ್ಮಲ್ಲೇ ಆಡಿಕೊಂಡರು. ಕೊನೆಗೆ ೧೯೮೪ರಲ್ಲಿ ಮದ್ರಾಸಿನಿಂದ ಕರೆ ಬಂತು.

ಸೋತರು. ಐವತ್ತೆರಡಕ್ಕೆ ನಾಲ್ಕು. ಆ ನಾಲ್ಕು ಅಂಕ ಚೆನ್ನಕೇಶವನ್‌ದು. ಕಂದಸಾಮಿ "ಎಡಕ್ಕೋಗು, ಎಡಕ್ಕೆ!" ಎಂದು ಕನ್ನಡದಲ್ಲಿ ಕಿರುಚಿದ್ದು ಮದ್ರಾಸಿನವರಿಗೆ ತಿಳಿಯಲಿಲ್ಲ. ಚೆನ್ನಕೇಶವನ್ ಎಡಕ್ಕೆ ನುಗ್ಗಿ, ಕೈಗೆ ಬಂದ ಚೆಂಡನ್ನು ಎದೆಗವಚಿ ಗೆರೆಯಾಚೆ ಬಿದ್ದ. ಖುಷಿಯಲ್ಲಿ ಅವನ ಮೇಲೆ ತಂಡದ ಹದಿನಾಲ್ಕು ಮಂದಿಯೂ ಬಿದ್ದರು. ಆ ಭಾರದಡಿ ಉಸಿರು ಕಟ್ಟುತ್ತಿದ್ದರೂ, ಇವರು ಏಳದೆ ಇದ್ದರೆ ಸಾಕು ಅನ್ನಿಸಿತು ಅವನಿಗೆ.

ಮರುವರ್ಷ ಡಿಕ್ರೂಸ್ ಮಗಳ ಜೊತೆ ಇರಲು ಆಸ್ಟ್ರೇಲಿಯಾಕ್ಕೆ ಹೊರಟುಹೋದ. ಚೆಂಡನ್ನೂ ಕಾರ್ಯದರ್ಶಿಯ ಪಟ್ಟವನ್ನೂ ಚೆನ್ನಕೇಶವನ್‌ಗೆ ಒಪ್ಪಿಸಿದ. ಕರೆಂಟು ಕಡಿತದ ಕಾಟದಿಂದ ಫೌಂಡ್ರಿ ಕೆಲವರನ್ನು ಕೆಲಸದಿಂದ ಬಿಡಿಸಿತು. ಕಂದಸಾಮಿ ಭಾವನ ಬನಿಯನ್ ಕಂಪನಿಗೆಂದು ತಿರುಪ್ಪೂರು ಸೇರಿದ. ಭಾನುವಾರಕ್ಕೆ ಒಂಬತ್ತು ಮಂದಿ ಬಂದರು, ಆಮೇಲೆ ನಾಲ್ವರು, ಆಮೇಲೆ ಚೆನ್ನಕೇಶವನ್ ಒಬ್ಬನೇ. ಹೊಲಕ್ಕೆ ಬಾಳೆ ಹಾಕಿದ ಮೇಲೆ ಅವನೂ ನಿಲ್ಲಿಸಿದ.

೧೯೮೬ರಲ್ಲಿ ತಿರುಪ್ಪೂರಿಗೆ ಹೋದ. ಬಟ್ಟೆ ಕಟ್ಟುಗಳ ನಡುವೆ ಕಂದಸಾಮಿ ಫೋನು ಹಿಡಿದು ನಿಂತಿದ್ದ. ಮೈ ತುಂಬಿಕೊಂಡಿದ್ದ.

"ತಿಂಗಳಿಗೆ ಒಂದು ಭಾನುವಾರ ಬಾರೋ," ಎಂದ ಚೆನ್ನಕೇಶವನ್. "ನೀನು ಬಂದ್ರೆ ಬೇರೇರನ್ನೂ ಕೂಡಿಸ್ತೀನಿ."

ಕಂದಸಾಮಿ ಸುತ್ತಲಿನ ಕೆಲಸದವರತ್ತ ಒಮ್ಮೆ ನೋಡಿದ. "ಮುಡಿಯಾದು ಪಾ," ಎಂದು ತಮಿಳಿನಲ್ಲೇ ಉತ್ತರಿಸಿದ. ಆಗುವುದಿಲ್ಲ, ಭಾನುವಾರವೂ ಸರಕು ಕಳಿಸುವುದಿರುತ್ತದೆ ಎಂದ. ಟೀ ತರಿಸಿದ. ಚೆನ್ನಕೇಶವನ್ ಟೀ ಕುಡಿಯುವವರೆಗೂ ಕಾದ, ಆದರೆ ಕಂದಸಾಮಿಯ ಬಾಯಿಂದ ಒಂದು ಕನ್ನಡದ ಮಾತೂ ಬರಲಿಲ್ಲ.

ಮರುವರ್ಷ ಮದ್ರಾಸಿನಿಂದ ಪಂದ್ಯಾವಳಿಯ ಕಾಗದ ಬಂತು. ತಂಡದೊಂದಿಗೆ ಬನ್ನಿ ಎಂದಿತ್ತು. ಎರಡು ದಿನ ಯೋಚಿಸಿ ಒಬ್ಬನೇ ರೈಲು ಹತ್ತಿದ. ಮೈದಾನದಲ್ಲಿ ಹೆಸರು ಬರೆಸಿಕೊಳ್ಳುತ್ತಿದ್ದವರು, "ಉಳಿದವರೆಲ್ಲಿ?" ಎಂದು ಕೇಳಿದರು.

"ನಾನೊಬ್ಬನೇ, ಸಾರ್."

ಅವರಿಗೆ ನಗು ಬಂದರೂ ನಗಲಿಲ್ಲ. ಕಾಲೇಜೊಂದರ ತಂಡಕ್ಕೆ ಒಬ್ಬ ಆಳು ಕಡಿಮೆಯಿದ್ದ; ಅವರ ಅಂಗಿ ತೊಡಿಸಿ ಇಳಿಸಿದರು. ಅವನು ಆಟ ಮುಗಿಯುವವರೆಗೂ ನೂಕಿದ. ಎಡಬಲದ ಹೆಗಲುಗಳು ಯಾರವೋ, ಹೆಸರು ತಿಳಿಯದು. ಆದರೂ ಅವು ಹೆಗಲುಗಳೇ, ಬಿಸಿಯಾಗಿದ್ದವು. ಆ ತಂಡ ಗೆದ್ದಿತು. ಅವರು ಅವನ ಬೆನ್ನು ತಟ್ಟಿ, ಅಂಗಿ ವಾಪಸು ಪಡೆದು, ತಮ್ಮ ವ್ಯಾನು ಹತ್ತಿದರು.

ಮನೆಯಲ್ಲಿ ಶಿವಗಾಮಿ ಬಾತ ಹೆಗಲಿಗೆ ಉಪ್ಪಿನ ಗಂಟು ಕಾಯಿಸಿ ಒತ್ತುತ್ತ ಕೇಳಿದಳು: "ಯಾರ್‍ಯಾರು ಬಂದಿದ್ರು, ನನ್ನ ಕಣ್ಣೇ?"

"ಎಲ್ಲಾರೂ ಬಂದಿದ್ರಮ್ಮಾ."

"ಕಂದಸಾಮಿ ಸೌಖ್ಯವಾ?"

"ಸೌಖ್ಯವಾಗವ್ನೆ. ನಿನ್ನ ಕೇಳ್ದ."

ಅವಳು ಖುಷಿಪಟ್ಟಳು. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ.

ಆ ವಾರವೇ ಮದ್ರಾಸಿಗೆ ತಮಿಳಿನಲ್ಲಿ ಒಂದು ಕಾರ್ಡು ಬರೆದ: "ಕುರಿಚಿಯಲ್ಲಿ ಈಗ ತಂಡವಿಲ್ಲ. ಆಳು ಬೇಕಾದರೆ ಒಬ್ಬನಿದ್ದಾನೆ."

ಮುಂದಿನ ವರ್ಷ ಅವರು ಕರೆದರು, ಹೋದ. ೧೯೮೯ರಲ್ಲಿ ಕರೆಯಲಿಲ್ಲ.