ಹುಣಸೆಹಣ್ಣು ಹಾಕಿ ತಿಕ್ಕಿದ ಬಾಕುಗಳು

ಸೋದರಮಾವನ ಬಲಗೈ ಹೆಬ್ಬೆರಳಿಗೆ ಯಾವಾಗಲೂ ಲವಂಗದೆಣ್ಣೆಯ ವಾಸನೆ. ಊಟಕ್ಕೆ ಕೂತಾಗಲೂ ಅದು ಹೋಗುತ್ತಿರಲಿಲ್ಲ. ಹುಕ್ಕೇರಿಯ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟಿತ್ತು. ಅದರೊಳಗಿನ ಬಾಕುಗಳಿಗೆ ದಿನಾ ಮುಂಜಾನೆ ಆ ಬೆರಳಿನಿಂದಲೇ ಎಣ್ಣೆ ಸವರುತ್ತಿದ್ದ. ಹೊಟ್ಟೆಯಲ್ಲಿ ಹುಟ್ಟಿದ ಮಗುವಿದ್ದರೂ ಅಷ್ಟು ಸವರುತ್ತಿರಲಿಲ್ಲವೇನೋ.

ಇವು ಕುರಿ ಕೊಯ್ಯುವ ಬಾಕುಗಳಲ್ಲ. ಹಡಗುಪಡೆಯ ಬಿಳಿ ಅಧಿಕಾರಿಗಳು ಮೆರವಣಿಗೆಯ ದಿನ ಸೊಂಟಕ್ಕೆ ತೂಗುಬಿಡುತ್ತಿದ್ದ ಶೋಕಿಯ ಬಾಕುಗಳು. ದಂತದ ಹಿಡಿ, ಚಿನ್ನದ ನೀರು ಕುಡಿಸಿದ ಹಿತ್ತಾಳೆಯ ಒರೆ, ಅಲಗಿನ ಮೇಲೆ ಲಂಗರಿನ ಚಿತ್ರ. ಮುಂಬೈಯಲ್ಲಿ ಆ ಅಧಿಕಾರಿಗಳ ಕೋಟು ಹೊಲಿಯುತ್ತಿದ್ದಾಗ ಮಾವನಿಗೆ ಈ ಹುಚ್ಚು ಹಿಡಿಯಿತು. ಊರಿಗೆ ಬಂದು ಹೊಲಿಗೆಯಂಗಡಿ ಹಾಕಿದ ಮೇಲೂ ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ರೈಲು ಹತ್ತಿ ಹೋಗಿ, ಮುಂಬೈಯ ಹಳೇ ಸಾಮಾನಿನ ಪೇಟೆ ಜಾಲಾಡಿ, ಅಜ್ಜನ ಕಾಲದ್ದೊಂದು ಬಾಕು ತರುತ್ತಿದ್ದ. ನೋಡಲು ಬಂದವರಿಗೆಲ್ಲ ಒಂದೇ ಮಾತು: "ಮುಟ್ಟಬ್ಯಾಡ್ರಿ, ಬರೇ ನೋಡ್ರಿ."

ಅವ್ವನನ್ನು ಕೊಟ್ಟದ್ದು ಮಮದಾಪುರಕ್ಕೆ. ಪ್ರತಿ ನಾಗರಪಂಚಮಿಗೆ ತಂಗಿಯನ್ನು ಕರೆಯಲು ಮಾವ ತಾನೇ ಚಕ್ಕಡಿ ಹೂಡಿಕೊಂಡು ಬರುತ್ತಿದ್ದ, ಇಲ್ಲವೆನ್ನಬಾರದು. ಅವ್ವ ವರ್ಷವಿಡೀ ಆ ದಿನಕ್ಕೇ ಕಾಯುತ್ತಿದ್ದಳು.

ಮಾವನಿಗೆ ಹೆಂಡತಿ ಇರಲಿಲ್ಲ. ಒಂದು ದಸರೆಗೆ ಹಬ್ಬ ಮಾಡಿಕೊಡಲೆಂದು ಅವ್ವ ಹುಕ್ಕೇರಿಗೆ ಹೋದಳು, ನಾನೂ ಜೊತೆಗಿದ್ದೆ. ಖಂಡೇಪೂಜೆಗೆ ಕತ್ತರಿ, ಕುಡುಗೋಲು, ಈಳಿಗೆ ಎಲ್ಲ ತೊಳೆದು ಕುಂಕುಮ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಮನೆಯಲ್ಲಿ ಆಯುಧವಿಟ್ಟುಕೊಂಡು ಪೂಜೆ ಬಿಡುವುದುಂಟೇ? ಮಾವ ಹೂವು ತರಲು ಪೇಟೆಗೆ ಹೋದಾಗ ಅವ್ವ ಬಾಕುಗಳನ್ನೂ ತೆಗೆದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ, ಹಿಡಿಗಳಿಗೆ ಕುಂಕುಮ ಹಚ್ಚಿದಳು. ಒರೆಗಳು ನೀರಿನ ಕೊಡದ ಹಾಗೆ ಥಳಥಳ ಹೊಳೆದವು. ಮೊದಲೇ ಸವೆದಿದ್ದ ಚಿನ್ನದ ನೀರು ಬಚ್ಚಲಿಗೆ ಹೋಗಿತ್ತು. ಲಂಗರುಗಳೂ ಅಳಿಸಿಹೋಗಿದ್ದವು.

ಮಾವ ಬಂದು ನೋಡಿದ. "ಏನ್ ಮಾಡಿದಿ ನೀ?"

"ಖಂಡೇಪೂಜಿ ಅಲ್ಲೇನ್ ಯಣ್ಣಾ, ಕಿಲುಬು ಹತ್ತಿತ್ತು, ತೊಳದೆ."

"ಇನ್ನ ಈ ಮನಿ ಹೊಸ್ತಲಾ ತುಳೀಬ್ಯಾಡ."

ಒಡಹುಟ್ಟಿದವಳಿಗೆ ಹೇಳುವ ಮಾತೇ ಅದು? ಹಿತ್ತಾಳೆಯ ಮೇಲಿನ ಬಣ್ಣಕ್ಕಾಗಿ? ಮುಂದಿನ ಪಂಚಮಿಗೆ ಚಕ್ಕಡಿ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಅವ್ವ ತಂಬಿಟ್ಟಿನ ಉಂಡಿ ಕಟ್ಟಿಟ್ಟುಕೊಂಡು ಕಟ್ಟೆಯ ಮೇಲೆ ಕೂರುತ್ತಿದ್ದಳು.

"ಈ ಸಲಾನೂ ಕರಿಯಾಕ ಯಾರೂ ಬರಲಿಲ್ಲೇನ ಬೇ?" ಎಂದು ಓಣಿಯ ಹೆಂಗಸರು ಕೇಳಿದರೆ, "ಅಣ್ಣಗ ಅಂಗಡಿ ಕೆಲಸ ಭಾಳ ಐತಿ" ಎನ್ನುತ್ತಿದ್ದಳು. "ಆ ಬಾಕುಗಳ ಜೋಡಿನ ಸಾಯ್ಲಿ ಅಂವ" ಎಂದು ಒಮ್ಮೆ ಅಂದೇಬಿಟ್ಟೆ. ಅವ್ವ ನನ್ನ ಕಪಾಳಕ್ಕೆ ಹೊಡೆದಳು.

ಕಡೆಗೆ ಮಾವ ತೀರಿಕೊಂಡ ಸುದ್ದಿ ಬಂತು. ಯಾರೂ ಕರೆಯದೆ ಅವ್ವ ಆ ಹೊಸ್ತಿಲು ದಾಟಿದ್ದು ಅಂದೇ. ಮಣ್ಣು ಮುಗಿಸಿ ಬಂದವರು ಹೋದ ಮೇಲೆ ಕಪಾಟು ತೆಗೆದಳು. ಬಾಕುಗಳ ಮೇಲೆ ಧೂಳಿರಲಿಲ್ಲ, ಎಣ್ಣೆ ಇನ್ನೂ ಆರಿರಲಿಲ್ಲ. ಒಂದೊಂದರ ಹಿಡಿಯ ಮೇಲೂ ಅವ್ವ ಅಂದು ಹಚ್ಚಿದ್ದ ಕುಂಕುಮ ಹಾಗೇ ಇತ್ತು. ದಿನಾ ಒರೆಸುವವನು ಅದೊಂದನ್ನು ಬಿಟ್ಟು ಒರೆಸಿದ್ದ.

"ನೋಡ, ನನ್ನ ಕುಂಕುಮಾ ಅಳಿಸಿಲ್ಲ ನಮ್ಮಣ್ಣ" ಎಂದು ಅವ್ವ ಅತ್ತಳು. ಅಷ್ಟಕ್ಕೇ ಎಲ್ಲ ಮರೆತಳು.

ನಾನು ಮರೆತಿಲ್ಲ. ಅಷ್ಟು ವರ್ಷ ಕುಂಕುಮ ಕಾಯ್ದವನಿಗೆ ಒಂದು ಸಲ ಚಕ್ಕಡಿ ಹೂಡಲು ಏನು ಧಾಡಿಯಾಗಿತ್ತು?